ಪರಭಕ್ಷಕ ನುಸಿ ಬಿಡುವ ಮುಂಚೆ ಎಲೆ ಮಗುಚಿ ನೋಡಿ

ಬೆಳೆಯ ಕೀಟಗಳನ್ನು ತಿನ್ನಲಿ ಅಂತ ಗಿಡಕ್ಕೆ ಬಿಡುವ ಪರಭಕ್ಷಕ ನುಸಿಗೆ ಕಣ್ಣಿಲ್ಲ, ರೆಕ್ಕೆಯೂ ಇಲ್ಲ. ಅರ್ಧ ಮಿಲಿಮೀಟರ್ ಆಸುಪಾಸಿನ ಈ ಜೀವಿ ಬೇಟೆ ಹುಡುಕುವುದು ವಾಸನೆ ಹಿಡಿದು, ಮುಟ್ಟಿ ನೋಡಿ. ಎಂಟು ಕಾಲುಗಳಲ್ಲಿ ಮುಂದಿನ ಎರಡನ್ನು ಮುಂಚಾಚಿ ತಡಕುತ್ತಾ, ಉಳಿದ ಆರರಲ್ಲಿ ನಡೆಯುತ್ತದೆ. ಅದಕ್ಕೆ ಎಲೆಯೇ ನೆಲ, ಎಲೆಯೇ ದಾರಿ, ಎಲೆಯೇ ಮನೆ.

ಆದರೂ ನುಸಿ ತರಿಸುವಾಗ ನಾವು ಕೇಳುವುದು ಎರಡೇ ಪ್ರಶ್ನೆ. ಈ ಕೀಟಕ್ಕೆ ಯಾವ ನುಸಿ? ಎಷ್ಟು ಬಿಡಬೇಕು? ಯಾವ ಎಲೆಯ ಮೇಲೆ ಬಿಡುತ್ತಿದ್ದೇವೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ನಾನೂ ಮೊದಲ ಸಲ ಕೇಳಿರಲಿಲ್ಲ. ಟೊಮೆಟೊಗೆ ಎಲೆಯ ರಸ ಹೀರುವ ಜೇಡನುಸಿ ಹತ್ತಿತ್ತು. ಬಾಟಲಿಯಲ್ಲಿ ಬಂದ ಪರಭಕ್ಷಕ ನುಸಿಗಳನ್ನು ಗಿಡದ ಬುಡದ ಹತ್ತಿರ ಸುರಿದೆ. ಹತ್ತಿಕೊಂಡು ಹೋಗುತ್ತವೆ ಅಂದುಕೊಂಡಿದ್ದೆ. ನಾಲ್ಕನೇ ದಿನ ಭೂತಗನ್ನಡಿ ಹಿಡಿದು ಕಾಂಡ ನೋಡಿದಾಗ ಹೊಟ್ಟೆ ಹಿಂಡಿದಂತಾಯಿತು. ಕಿತ್ತಳೆ ಬಣ್ಣದ ಪುಟ್ಟ ಮೈಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು. ಕಾಲಿಗೆಲ್ಲ ಕಂದು ಅಂಟು ಮೆತ್ತಿತ್ತು. ಒಂದು ನುಸಿ ಇನ್ನೂ ಮುಂಗಾಲು ಆಡಿಸುತ್ತಿತ್ತು. ಅಲ್ಲಿಂದ ಒಂದು ಗೇಣು ಮೇಲಿನ ಎಲೆಯಲ್ಲಿ ಜೇಡನುಸಿಗಳು ನೆಮ್ಮದಿಯಾಗಿ ಬಲೆ ನೇಯುತ್ತಿದ್ದವು. ನುಸಿ ಕೆಟ್ಟದ್ದಾಗಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ದಾರಿ ತಪ್ಪಾಗಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಥ್ರಿಪ್ಸ್‌ಗೂ ನುಸಿ ಅಂತೀವಿ, ಮೈಟ್‌ಗೂ ನುಸಿ ಅಂತೀವಿ. ಥ್ರಿಪ್ಸ್ ಆರು ಕಾಲಿನ ಕೀಟ, ಮೈಟ್ ಜೇಡದ ಬಳಗದ್ದು, ಬೆಳೆದ ಮೇಲೆ ಎಂಟು ಕಾಲು. ಈ ಲೇಖನದಲ್ಲಿ ನುಸಿ ಅಂದರೆ ಮೈಟ್ ಮಾತ್ರ. ಥ್ರಿಪ್ಸ್‌ಗೆ ಥ್ರಿಪ್ಸ್ ಅಂತಲೇ ಬರೆಯುತ್ತೇನೆ.

ಹೆಜ್ಜೆ 1: ಎಲೆಯನ್ನು ಓದಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಇಪ್ಪತ್ತು ಪಟ್ಟಿನದಿದ್ದರೆ ಇನ್ನೂ ಒಳ್ಳೆಯದು. ಗಿಡದ ತುದಿಯಿಂದ ಒಂದು, ನಡುವಿನಿಂದ ಒಂದು, ಕೆಳಗಿನಿಂದ ಒಂದು ಎಲೆ ತೆಗೆದುಕೊಳ್ಳಿ. ಮೇಲ್ಮೈಯನ್ನು ಒಂದು ಕ್ಷಣ ನೋಡಿದರೆ ಸಾಕು, ಸಮಯ ಕೊಡಬೇಕಾದ್ದು ಹಿಂಬದಿಗೆ. ಜೇಡನುಸಿಯೂ ಬಿಳಿನೊಣದ ಮರಿಯೂ ಜಾಸ್ತಿ ಇರುವುದು ಅಲ್ಲಿ, ನಮ್ಮ ನುಸಿ ಓಡಾಡುವುದೂ ಅಲ್ಲೇ.

ಮೊದಲು ರೋಮ ನೋಡಿ. ಇದೆಯಾ ಇಲ್ಲವಾ, ಇದ್ದರೆ ಹೇಗಿದೆ? ಸೌತೆ ಎಲೆಯದು ನೆಟ್ಟಗೆ ನಿಂತ ಗಟ್ಟಿ ರೋಮ. ಬದನೆಯದು ನಕ್ಷತ್ರದ ಹಾಗೆ ಕವಲೊಡೆದದ್ದು, ಒಂದರ ಕವಲು ಇನ್ನೊಂದಕ್ಕೆ ಹೆಣೆದುಕೊಂಡಿರುತ್ತದೆ. ಬೀನ್ಸ್ ಎಲೆಯಲ್ಲಿ ಕೊಕ್ಕೆಯ ಹಾಗೆ ಬಾಗಿದ ರೋಮಗಳು ಕಾಣುತ್ತವೆ. ಎಲೆ ಬಟ್ಟೆಗೆ ಕಚ್ಚಿಕೊಳ್ಳುವುದು ಇವುಗಳಿಂದಲೇ.

ಟೊಮೆಟೊದಲ್ಲಿ ಕೆಲವು ರೋಮಗಳ ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಗುಂಡು ಕಾಣುತ್ತದೆ. ಅದು ಅಂಟಿನ ಗಂಟು. ಟೊಮೆಟೊ ಗಿಡ ಮುಟ್ಟಿದರೆ ಬೆರಳಿಗೆ ಹಸಿರು ಹಳದಿ ಕರೆ ಹತ್ತುತ್ತದೆ, ಘಮ್ ಅಂತ ವಾಸನೆ ಬರುತ್ತದೆ ಅಲ್ವಾ? ಆ ಗಂಟುಗಳು ಒಡೆದದ್ದರ ಗುರುತು ಅದು. ಒಡೆದ ಅಂಟು ಗಾಳಿಗೆ ಕಂದಾಗಿ ಗಟ್ಟಿಯಾಗುತ್ತದೆ. ನಮ್ಮ ಬೆರಳಿಗೆ ಬರೀ ಕರೆ, ನುಸಿಗೆ ಕಾಲುಕಟ್ಟು.

ಆಮೇಲೆ ನರಗಳ ಸಂದು ನೋಡಿ. ನಡುನರದಿಂದ ಪಕ್ಕದ ನರ ಕವಲೊಡೆಯುವ ಮೂಲೆ ಇದೆಯಲ್ಲ, ಅಲ್ಲಿ. ದೊಣ್ಣೆ ಮೆಣಸಿನಕಾಯಿ ಎಲೆ ಹೆಚ್ಚುಕಡಿಮೆ ನುಣುಪು, ಆದರೆ ಈ ಸಂದುಗಳಲ್ಲಿ ಮಾತ್ರ ರೋಮದ ಪುಟ್ಟ ಕುಚ್ಚು ಇರುತ್ತದೆ. ಕಾಫಿ ಎಲೆಯಲ್ಲಿ ಅದೇ ಜಾಗದಲ್ಲಿ ಸಣ್ಣ ಗುಳಿ. ದ್ರಾಕ್ಷಿಯ ಹಲವು ತಳಿಗಳಲ್ಲೂ ಕುಚ್ಚು ಕಾಣುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಆಕ್ಸೆಲ್ ಲುಂಡ್‌ಸ್ಟ್ರೋಮ್ 1887ರಲ್ಲಿ ಇವಕ್ಕೆ ಡೊಮೇಶಿಯಾ ಅಂತ ಹೆಸರಿಟ್ಟರು. ಪುಟ್ಟ ಮನೆಗಳು ಅಂತ ಅರ್ಥ. ನಾನು ನುಸಿಗೂಡು ಅನ್ನುತ್ತೇನೆ.

ಕೊನೆಗೆ ಮೇಣ. ಒಂದು ಹನಿ ನೀರು ಬಿಡಿ. ಮುತ್ತಿನಂತೆ ಉರುಳಿ ಹೋದರೆ ಮೇಣ ದಪ್ಪ, ಹರಡಿಕೊಂಡರೆ ತೆಳು.

ಎಲೆಯ ತೊಟ್ಟು ಮತ್ತು ಕಾಂಡವನ್ನೂ ಮರೆಯದೆ ನೋಡಿ. ಎಲೆಯಿಂದ ಎಲೆಗೆ ಹೋಗುವ ಹೆದ್ದಾರಿ ಅದು. ನನ್ನ ಟೊಮೆಟೊ ಕಥೆ ಕೆಟ್ಟದ್ದೂ ಅಲ್ಲೇ.

ಹೆಜ್ಜೆ 2: ಕಂಡದ್ದರ ಅರ್ಥ ತಿಳಿಯಿರಿ

ರೋಮ ಇದ್ದರೆ ಒಳ್ಳೆಯದಾ ಕೆಟ್ಟದ್ದಾ ಅಂತ ತುಂಬಾ ಜನ ಕೇಳುತ್ತಾರೆ. ಎರಡೂ ಹೌದು. ಯಾವ ರೋಮ, ಎಲ್ಲಿದೆ, ಯಾವ ನುಸಿಗೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಮುಂದಿನ ಎಲ್ಲ ತೀರ್ಮಾನಗಳು ಇದರ ಮೇಲೇ ನಿಂತಿವೆ.

ಒಳ್ಳೆಯದು ಮೊದಲು. ಎಲೆ ಸದಾ ನೀರಾವಿ ಬಿಡುತ್ತಿರುತ್ತದೆ. ಹಾಗಾಗಿ ಎಲೆಗೆ ಅಂಟಿಕೊಂಡ ಹಾಗೆ ತೇವದ ಗಾಳಿಯ ತೆಳು ಪದರ ಒಂದಿರುತ್ತದೆ. ಪಾಲಿಹೌಸಿನ ಗಾಳಿ ಒಣಗಿದ್ದರೂ ಆ ಪದರದಲ್ಲಿ ತೇವ ಉಳಿಯುತ್ತದೆ. ರೋಮವಿದ್ದರೆ ಬೀಸುವ ಗಾಳಿ ಎಲೆಗೆ ನೇರವಾಗಿ ತಾಗುವುದಿಲ್ಲ, ಪದರ ದಪ್ಪವಾಗುತ್ತದೆ. ಪರಭಕ್ಷಕ ನುಸಿಯ ಮೊಟ್ಟೆಗೆ ಇದು ಸಾವು ಬದುಕಿನ ವಿಷಯ. ಅದರ ಮೊಟ್ಟೆ ಹೊರಗಿನಿಂದ ನೀರು ಎಳೆದುಕೊಳ್ಳಲಾರದು. ಗಾಳಿ ತೀರಾ ಒಣಗಿದರೆ ಚಿಪ್ಪಿನೊಳಗೇ ಸುರುಟಿಹೋಗುತ್ತದೆ. ಜೇಡನುಸಿಯ ಮೊಟ್ಟೆ ಒಣಹವೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಬಿಸಿಲು ಏರಿ ಹವೆ ಒಣಗಿದಾಗ ಜೇಡನುಸಿ ಮೆರೆದು ನಮ್ಮ ನುಸಿ ಸೋಲುವುದಕ್ಕೆ ಇದೊಂದು ದೊಡ್ಡ ಕಾರಣ.

ನುಸಿಗೂಡುಗಳು ಈ ತೇವವನ್ನು ಇನ್ನೂ ಚೆನ್ನಾಗಿ ಹಿಡಿದಿಡುತ್ತವೆ, ಅಡಗುವುದಕ್ಕೂ ಜಾಗ ಕೊಡುತ್ತವೆ. ಥ್ರಿಪ್ಸ್ ಪರಭಕ್ಷಕ ನುಸಿಯ ಮೊಟ್ಟೆಯನ್ನು ತಿನ್ನಬಲ್ಲದು, ನುಸಿಗಳು ಒಂದರ ಮೊಟ್ಟೆ ಒಂದು ತಿನ್ನುವುದೂ ಉಂಟು. ಕುಚ್ಚಿನೊಳಗಿಟ್ಟ ಮೊಟ್ಟೆ ಇವರಿಗೆಲ್ಲ ಸುಲಭಕ್ಕೆ ಸಿಗದು. ರೋಮಕ್ಕೆ ಇನ್ನೊಂದು ಉಪಕಾರವಿದೆ. ಗಾಳಿಯಲ್ಲಿ ಬಂದ ಪರಾಗ, ಶಿಲೀಂಧ್ರದ ಬೀಜಕಣ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಕೀಟ ಇಲ್ಲದ ದಿನಗಳಲ್ಲಿ ಹಲವು ಪರಭಕ್ಷಕ ನುಸಿಗಳು ಅದನ್ನೇ ತಿಂದು ಬದುಕುತ್ತವೆ. ಸೇಬು ಮತ್ತು ದ್ರಾಕ್ಷಿ ತೋಟಗಳಲ್ಲಿರುವ ಟೈಫ್ಲೊಡ್ರೊಮಸ್ ಪೈರಿ ಅನ್ನುವ ನುಸಿ ಎಲೆಯ ಹಿಂಬದಿ ರೋಮಭರಿತವಾಗಿರುವ ತಳಿಗಳಲ್ಲೇ ಜಾಸ್ತಿ ನೆಲೆಸುವುದು ಇದಕ್ಕೇ.

ಈಗ ಕೆಟ್ಟದ್ದು. ದಟ್ಟ ರೋಮ ಅಂದರೆ ನುಸಿಗೆ ಕುರುಚಲು ಕಾಡು. ನಡಿಗೆ ನಿಧಾನವಾಗುತ್ತದೆ, ಒಂದು ದಿನದಲ್ಲಿ ಹುಡುಕುವ ಜಾಗ ಕಡಿಮೆಯಾಗುತ್ತದೆ. ಜರ್ಬೆರಾ ಹೂವಿನ ತಳಿಗಳನ್ನು ಹೋಲಿಸಿದಾಗ ಇದು ಸ್ಪಷ್ಟವಾಗಿ ಕಂಡಿದೆ. ರೋಮ ಜಾಸ್ತಿ ಇದ್ದ ತಳಿಯಲ್ಲಿ ಪರಭಕ್ಷಕ ನುಸಿ ಮೆಲ್ಲಗೆ ನಡೆದಿತ್ತು. ಬೇಟೆ ವಿರಳವಾಗಿದ್ದಾಗ ಅದು ಹಿಡಿದದ್ದೂ ಕಡಿಮೆ. ಬೇಟೆ ತುಂಬಿದ್ದಾಗ ಈ ವ್ಯತ್ಯಾಸ ಅಷ್ಟು ಕಾಡುವುದಿಲ್ಲ, ಹುಡುಕುವ ಕೆಲಸವೇ ಇರುವುದಿಲ್ಲವಲ್ಲ. ಹಾಗಾಗಿ ರೋಮದ ಗಿಡದಲ್ಲಿ ಕೊನೆಯ ನಾಲ್ಕು ಜೇಡನುಸಿಗಳನ್ನು ಮುಗಿಸುವುದೇ ಕಷ್ಟ.

ಅಂಟು ರೋಮದ ಕಥೆ ಬೇರೆ. ಅದು ನಿಧಾನಿಸುವುದಿಲ್ಲ, ಹಿಡಿದು ನಿಲ್ಲಿಸಿಬಿಡುತ್ತದೆ. ವಿಚಿತ್ರ ಅಂದರೆ ಈ ಕಾಡಿನೊಳಗೆ ಹಾಯಾಗಿರುವ ಕೀಟವೂ ಇದೆ. ಟೊಮೆಟೊದ ರಸೆಟ್ ನುಸಿ ಎಷ್ಟು ಸಣ್ಣದೆಂದರೆ ರೋಮಗಳ ನಡುವೆ ಸಲೀಸಾಗಿ ನುಸುಳುತ್ತದೆ. ಅದನ್ನು ತಿನ್ನಬಲ್ಲ ದೊಡ್ಡ ನುಸಿ ಹೊರಗೇ ಉಳಿಯುತ್ತದೆ. ನುಸಿಗೂಡುಗಳಲ್ಲೂ ಯಾವಾಗಲೂ ಮಿತ್ರರೇ ಇರುತ್ತಾರೆ ಅಂತ ನಂಬಬೇಡಿ. ಕರ್ಪೂರದ ಮರದ ಗೂಡುಗಳಲ್ಲಿ ಗಿಡದ ರಸ ಹೀರುವ ಸಣ್ಣ ನುಸಿಗಳೂ ಮನೆ ಮಾಡುತ್ತವೆ. ಗೂಡು ಕಂಡಾಗ ಒಳಗಿರುವುದು ಯಾರು ಅಂತ ಸೂಜಿಯಿಂದ ಮೆಲ್ಲಗೆ ಬಿಡಿಸಿ ನೋಡುವುದು ಲೇಸು.

ನುಣುಪು ಎಲೆಯಲ್ಲಿ ನಡಿಗೆಗೆ ತೊಂದರೆಯಿಲ್ಲ. ಆದರೆ ನಿಲ್ಲುವುದಕ್ಕೆ ಕಾರಣವೂ ಇಲ್ಲ. ಮೊಟ್ಟೆಯಿಡಲು ಮರೆ ಬೇಕು, ಸಿಗುವುದು ನಡುನರದ ಪಕ್ಕದ ಸಣ್ಣ ತಗ್ಗು ಮಾತ್ರ. ನುಸಿಯ ಜೊತೆ ಮೇಲೆ ಉದುರಿಸಿದ ಹೊಟ್ಟು, ಪರಾಗ ಎಲ್ಲ ಜಾರಿ ನೆಲಕ್ಕೆ ಬೀಳುತ್ತವೆ.

ಜೇಡನುಸಿಯ ಬಲೆಯನ್ನೂ ಎಲೆಯ ಮೇಲ್ಮೈ ಅಂತಲೇ ಎಣಿಸಿ. ಬಲೆ ದಟ್ಟವಾದ ಮೇಲೆ ನುಸಿ ನಡೆಯುವುದು ಎಲೆಯ ಮೇಲಲ್ಲ, ಎಳೆಗಳ ಮೇಲೆ.

ಹೆಜ್ಜೆ 3: ಎಲೆಗೆ ತಕ್ಕ ನುಸಿ ಆರಿಸಿ

ಫೈಟೊಸಿಯುಲಸ್ ಪರ್ಸಿಮಿಲಿಸ್ ಜೇಡನುಸಿಯ ಪಕ್ಕಾ ಬೇಟೆಗಾರ. ಕಿತ್ತಳೆ ಕೆಂಪು ಬಣ್ಣ, ಪೇರಳೆ ಹಣ್ಣಿನ ಆಕಾರ, ಚುರುಕು ಓಟ. 1950ರ ದಶಕದಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ ಅಕಸ್ಮಾತ್ತಾಗಿ ಬಂದು ಕಣ್ಣಿಗೆ ಬಿದ್ದ ನುಸಿ ಇದು. ಬೆನ್ನ ಮೇಲಿನ ಉದ್ದ ಕೂದಲುಗಳು ಬಲೆಯ ಎಳೆಗಳನ್ನು ಮೈಗೆ ಅಂಟದಂತೆ ತಡೆಯುತ್ತವೆ, ಹಾಗಾಗಿ ದಟ್ಟ ಬಲೆಯೊಳಗೂ ನುಗ್ಗುತ್ತದೆ. ಅದಕ್ಕೆ ನುಸಿಗೂಡು ಬೇಕಿಲ್ಲ, ಬಲೆಯೇ ಅದರ ಮನೆ. ಬೆಳೆದ ಹೆಣ್ಣು ದಿನಕ್ಕೆ ಸುಮಾರು 20 ಮೊಟ್ಟೆ ಅಥವಾ 5 ದೊಡ್ಡ ಜೇಡನುಸಿ ತಿನ್ನುತ್ತದೆ. ಪರಾಗ ಇದಕ್ಕೆ ಊಟವಲ್ಲ. ಬೀನ್ಸ್, ಸೌತೆ, ಸ್ಟ್ರಾಬೆರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಆಂಬ್ಲಿಸಿಯಸ್ ಸ್ವಿರ್ಸ್ಕಿಯ ಸ್ವಭಾವ ಪೂರ್ತಿ ಬೇರೆ. ಥ್ರಿಪ್ಸ್ ಮರಿ, ಬಿಳಿನೊಣದ ಮೊಟ್ಟೆ ಮತ್ತು ಮರಿ, ಪರಾಗ, ಸಿಕ್ಕಿದ್ದೆಲ್ಲ ಊಟ. ದೊಣ್ಣೆ ಮೆಣಸಿನಕಾಯಿ ಇದಕ್ಕೆ ಹೇಳಿ ಮಾಡಿಸಿದ ಗಿಡ. ಎಲೆಯ ಸಂದಿನಲ್ಲಿ ಗೂಡು, ಹೂವಿನಲ್ಲಿ ಪರಾಗ. ಹೂ ಶುರುವಾದ ಮೇಲೆ ಬಿಟ್ಟರೆ ಕೀಟ ಬರುವ ಮುಂಚೆಯೇ ಬೀಡು ಬಿಡುತ್ತದೆ. ಆದರೆ ಜೇಡನುಸಿಯ ದಟ್ಟ ಬಲೆಯಲ್ಲಿ ಇದು ತಡವರಿಸುತ್ತದೆ, ಟೊಮೆಟೊ ಅಂಟಿಗಂತೂ ಸೋಲುತ್ತದೆ. ಒಂದೇ ಕುಟುಂಬದ ಗಿಡಗಳು, ದೊಣ್ಣೆ ಮೆಣಸಿನಕಾಯಿ ಮತ್ತು ಟೊಮೆಟೊ. ಒಂದರಲ್ಲಿ ರಾಜನಂತೆ ಬಾಳುವ ನುಸಿ ಇನ್ನೊಂದರಲ್ಲಿ ವಾರ ಉಳಿಯುವುದೂ ಕಷ್ಟ.

ನಿಯೊಸಿಯುಲಸ್ ಕ್ಯಾಲಿಫೋರ್ನಿಕಸ್ ಇವೆರಡರ ನಡುವಿನದು. ಜೇಡನುಸಿ ಇಷ್ಟ, ಇಲ್ಲದಿದ್ದರೆ ಪರಾಗದಲ್ಲೂ ಕಾಲ ಹಾಕುತ್ತದೆ. ಒಣಹವೆಯನ್ನು ಪರ್ಸಿಮಿಲಿಸ್‌ಗಿಂತ ಚೆನ್ನಾಗಿ ತಾಳುತ್ತದೆ. ಗುಲಾಬಿಯಂಥ ನುಣುಪು ಎಲೆಯ ಗಿಡದಲ್ಲಿ, ಕೀಟ ಕಡಿಮೆ ಇರುವಾಗಲೇ ಇದನ್ನು ಬಿಟ್ಟುಕೊಳ್ಳುವುದು ಜಾಣತನ. ಜೇಡನುಸಿ ಉಕ್ಕಿದ ಕಡೆ ಮಾತ್ರ ಪರ್ಸಿಮಿಲಿಸ್.

ಟೊಮೆಟೊ ಬೆಳೆಯುವವರಿಗೆ ನನ್ನ ಸಲಹೆ ನೇರವಾಗಿದೆ. ಬಿಳಿನೊಣಕ್ಕೆ ಅಂತ ಅಲ್ಲಿ ಸ್ವಿರ್ಸ್ಕಿ ಬಿಡಬೇಡಿ. ಮ್ಯಾಕ್ರೊಲೋಫಸ್, ನೆಸಿಡಿಯೊಕೋರಿಸ್ ಥರದ ಬೇಟೆಗಾರ ತಿಗಣೆಗಳು ಉದ್ದ ಕಾಲಿನ ಮೇಲೆ ಮೈ ಎತ್ತಿಕೊಂಡು ಅಂಟು ರೋಮಗಳ ನಡುವೆ ಸಲೀಸಾಗಿ ನಡೆಯುತ್ತವೆ. ಬೇಟೆ ಸಿಗದಾಗ ಗಿಡಕ್ಕೂ ಬಾಯಿ ಹಾಕುತ್ತವೆ ಅನ್ನುವುದು ನೆನಪಿರಲಿ, ನೆಸಿಡಿಯೊಕೋರಿಸ್ ಜಾಸ್ತಿ. ಜೇಡನುಸಿಗೆ ಪರ್ಸಿಮಿಲಿಸ್ ಬೇಕೇ ಬೇಕು ಅಂದರೆ ಟೊಮೆಟೊ ಎಲೆಯ ಮೇಲೇ ಕೆಲವು ತಲೆಮಾರು ಸಾಕಿದ ನುಸಿ ಸಿಗುತ್ತದಾ ಅಂತ ಕೇಳಿ. ಬೀನ್ಸ್ ಮೇಲೆ ಬೆಳೆದದ್ದಕ್ಕಿಂತ ಅದು ಟೊಮೆಟೊದಲ್ಲಿ ವಾಸಿ.

ಎಲೆಯ ಸ್ವಭಾವ ನೋಡಿ ನುಸಿ ಹೊಂದಿಸಿದ್ದಕ್ಕೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಆಫ್ರಿಕಾದ್ದು. ಮರಗೆಣಸಿನ ಹಸಿರು ನುಸಿ 1971ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡು ಖಂಡದ ತುಂಬ ಹರಡಿತು. ಅದರ ಮೇಲೆ 1993ರಲ್ಲಿ ಬೆನಿನ್ ದೇಶದಲ್ಲಿ ಬ್ರೆಜಿಲ್ ಮೂಲದ ಟೈಫ್ಲೊಡ್ರೊಮಾಲಸ್ ಅರಿಪೊ ಅನ್ನುವ ನುಸಿಯನ್ನು ಬಿಟ್ಟರು. ಅದು ಹಗಲು ಗಿಡದ ಕುಡಿಯೊಳಗೆ ಅಡಗಿ ರಾತ್ರಿ ಎಲೆಗಿಳಿದು ಬೇಟೆಯಾಡುತ್ತದೆ. ಕುಡಿಯಲ್ಲಿ ರೋಮವಿರುವ ತಳಿಗಳಲ್ಲಿ ಅದು ಜಾಸ್ತಿ ಉಳಿಯುತ್ತದೆ, ಬೋಳು ಕುಡಿಯ ತಳಿಗಳಲ್ಲಿ ಕಡಿಮೆ. ಎಲ್ಲಾ ಎಲೆ ಅಲ್ಲ, ತುದಿಯ ಒಂದು ಕುಡಿ ನುಸಿಯ ಉಳಿವನ್ನು ಇಷ್ಟು ಬದಲಿಸುತ್ತದೆ.

ಹೆಜ್ಜೆ 4: ತಟ್ಟೆಯಲ್ಲಿ ಪರೀಕ್ಷೆ ಮಾಡಿ

ದೊಡ್ಡ ಮೊತ್ತದ ಆರ್ಡರ್ ಕೊಡುವ ಮುಂಚೆ ಇದೊಂದನ್ನು ತಪ್ಪಿಸಬೇಡಿ. ಪ್ರಯೋಗಾಲಯದಲ್ಲಿ ಮಾಡುವುದೂ ಹೆಚ್ಚುಕಡಿಮೆ ಹೀಗೇ.

ಎರಡು ಚಪ್ಪಟೆ ತಟ್ಟೆ ತೆಗೆದುಕೊಂಡು ಹತ್ತಿ ಹರಡಿ ಚೆನ್ನಾಗಿ ನೆನೆಸಿ. ಒಂದರ ಮೇಲೆ ನಿಮ್ಮ ಬೆಳೆಯ ಎಲೆ, ಇನ್ನೊಂದರ ಮೇಲೆ ಬೀನ್ಸ್ ಎಲೆ, ಎರಡೂ ಹಿಂಬದಿ ಮೇಲಾಗಿ. ಸುತ್ತ ಅಂಚಿಗೆ ಒದ್ದೆ ಹತ್ತಿಯ ಬತ್ತಿ ಒತ್ತಿ. ನುಸಿಗೆ ಅದೇ ಕಂದಕ. ಎರಡಕ್ಕೂ ಒಂದೇ ಅಂದಾಜಿನಲ್ಲಿ ಜೇಡನುಸಿ ಮತ್ತು ಮೊಟ್ಟೆ ಇರಲಿ, ಹಸಿವು ಕಾಣದಷ್ಟು. ಚಿತ್ರ ಬಿಡಿಸುವ ಅತಿ ಸಣ್ಣ ಕುಂಚದ ತುದಿ ಒದ್ದೆ ಮಾಡಿ, ತಲಾ ಐದು ಹೆಣ್ಣು ಪರ್ಸಿಮಿಲಿಸ್ ಬಿಡಿ. ಗಂಡಿಗಿಂತ ಹೆಣ್ಣು ದೊಡ್ಡದು, ಉಬ್ಬಿದ ಮೈ. ನೇರ ಬಿಸಿಲು ಬೀಳದ, ಸುಮಾರು 25 ಡಿಗ್ರಿ ಇರುವ ಜಾಗದಲ್ಲಿಡಿ.

ಒಂದು ದಿನ ಬಿಟ್ಟು ನೋಡಿ. ಎಷ್ಟು ಓಡಾಡುತ್ತಿವೆ, ಎಷ್ಟು ಅಂಟಿಕೊಂಡಿವೆ, ಎಷ್ಟು ಎಲೆ ಬಿಟ್ಟು ಒದ್ದೆ ಹತ್ತಿಗೆ ಬಿದ್ದಿವೆ? ಮೊಟ್ಟೆ ಎಲ್ಲಿಟ್ಟಿವೆ? ಹೊಟ್ಟೆ ತುಂಬಿದ ಪರ್ಸಿಮಿಲಿಸ್ ಹೆಣ್ಣು ಈ ಬೆಚ್ಚಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಮೊಟ್ಟೆ ಇಡಬೇಕು. ಜೇಡನುಸಿಯ ಮೊಟ್ಟೆ ಮಣಿಯಂತೆ ದುಂಡಗೆ, ನಮ್ಮ ನುಸಿಯದು ಅದಕ್ಕಿಂತ ದೊಡ್ಡದು, ಕೊಂಚ ಉದ್ದುದ್ದ. ಒಮ್ಮೆ ಕಣ್ಣಿಗೆ ಕೂತರೆ ಮತ್ತೆ ತಪ್ಪುವುದಿಲ್ಲ. ಎರಡನೇ ದಿನವೂ ಒಮ್ಮೆ ನೋಡಿ, ದಾರಿ ಸವೆಸಿ ಬಂದ ನುಸಿ ಚೇತರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಬೀನ್ಸ್ ಮೇಲೆ ಚೆನ್ನಾಗಿದ್ದು ನಿಮ್ಮ ಎಲೆಯ ಮೇಲೆ ಸೊರಗಿದರೆ ತೊಡಕು ಎಲೆಯಲ್ಲಿದೆ. ಎರಡರಲ್ಲೂ ಸೊರಗಿದ್ದರೆ ಎಲೆಯನ್ನು ದೂರಬೇಡಿ, ನುಸಿ ದಾರಿಯಲ್ಲೇ ಬಸವಳಿದಿದೆ. ಎರಡು ತಳಿ ಬೆಳೆಯುವವರು ಬೀನ್ಸ್ ಜೊತೆ ಎರಡೂ ತಳಿಯ ಎಲೆ ಇಟ್ಟು ಹೋಲಿಸಿ.

ಹೆಜ್ಜೆ 5: ಎಲೆ ನೋಡಿ ಬಿಡುವ ಜಾಗ ಆರಿಸಿ

ಬಾಟಲಿಯಲ್ಲಿ ನುಸಿಗಳು ಮೇಲಕ್ಕೆ ಹತ್ತಿ ಮುಚ್ಚಳದ ಹತ್ತಿರ ಗುಂಪಾಗುತ್ತವೆ. ಬಾಟಲಿ ಅಡ್ಡ ಹಿಡಿದು ಮೆಲ್ಲಗೆ ಉರುಳಿಸಿ, ಸಮವಾಗಿ ಬೆರೆಯಲಿ. ಬಂದ ದಿನವೇ ಬಿಡಿ. ಇಟ್ಟುಕೊಳ್ಳಲೇಬೇಕಾದರೆ ಪರ್ಸಿಮಿಲಿಸ್ ಆದರೆ 8ರಿಂದ 10 ಡಿಗ್ರಿ ತಂಪಿನಲ್ಲಿ, ಒಂದು ದಿನದ ಮಟ್ಟಿಗೆ. ಬಿಡುವುದು ಬೆಳಗ್ಗೆ ಬೇಗ ಅಥವಾ ಸಂಜೆ. ಬಾಡಿದ ಗಿಡಕ್ಕೆ ಯಾವತ್ತೂ ಬಿಡಬೇಡಿ. ನೀರಿಲ್ಲದೆ ಬಾಡಿದ ಎಲೆ ರಂಧ್ರ ಮುಚ್ಚಿಕೊಂಡಿರುತ್ತದೆ, ಮೇಲ್ಮೈ ಬಿಸಿಯೇರಿರುತ್ತದೆ, ಆಗಲೇ ಹೇಳಿದ ತೇವದ ಪದರ ಅಲ್ಲಿ ಇರುವುದೇ ಇಲ್ಲ. ಹಿಂದಿನ ದಿನ ನೀರು ಕೊಟ್ಟು ಗಿಡ ನಿಗುರಿದ ಮೇಲೆ ಬಿಡಿ.

ಅಂಟು ಕಾಂಡದ ಗಿಡವಾದರೆ ನೇರ ಎಲೆಗೇ ಹಾಕಿ, ಕೀಟ ಇರುವ ಪ್ರತಿ ಗಿಡಕ್ಕೂ. ಕಾಂಡ ಹತ್ತಿ ಹೋಗಲಿ ಅಂತ ಬಿಟ್ಟರೆ ನನ್ನ ಕಥೆಯೇ ನಿಮ್ಮದೂ. ಬೀನ್ಸ್ ಎಲೆಯ ಮೇಲೆ ಬರುವ ಪರ್ಸಿಮಿಲಿಸ್ ಸಿಕ್ಕರೆ ಆ ಎಲೆಯನ್ನೇ ಕೀಟ ಇರುವ ಎಲೆಗೆ ತಾಗಿಸಿ ಇಡಬಹುದು.

ಜರ್ಬೆರಾ, ಬದನೆಯಂಥ ದಟ್ಟ ರೋಮದ ಗಿಡದಲ್ಲಿ ನುಸಿ ದೂರ ಹೋಗುವುದಿಲ್ಲ. ಹತ್ತು ಕಡೆ ಬಿಡುವುದನ್ನು ಮೂವತ್ತು ಕಡೆ ಬಿಡಿ. ಒಟ್ಟು ಸಂಖ್ಯೆ ಅಷ್ಟೇ ಇದ್ದರೂ ಫಲ ಬೇರೆ ಬರುತ್ತದೆ.

ನುಣುಪು ಎಲೆಗೆ ನೀರು ಹನಿಸಿ, ಲಘುವಾಗಿ, ತೊಟ್ಟಿಕ್ಕುವಷ್ಟಲ್ಲ. ನುಸಿಯ ಜೊತೆ ಬರುವ ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜದ ಚೂರು ಅಥವಾ ಹೊಟ್ಟು ಆಗ ಜಾರದೆ ನಿಲ್ಲುತ್ತದೆ. ಸ್ವಿರ್ಸ್ಕಿ, ಕ್ಯಾಲಿಫೋರ್ನಿಕಸ್ ನುಸಿಗಳು ಸಣ್ಣ ಪೊಟ್ಟಣದಲ್ಲೂ ಬರುತ್ತವೆ, ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಗೆ ಬರುವಂಥದ್ದು. ನುಣುಪು ಎಲೆಯ ಗಿಡಕ್ಕೆ ಅದೇ ಮೇಲು. ಎಲೆಗಳ ನೆರಳಿನಲ್ಲಿ, ಎಲೆಗೆ ತಾಗುವಂತೆ ಕಟ್ಟಿ.

ಗಿಡಗಳ ಎಲೆ ಒಂದಕ್ಕೊಂದು ತಾಗುತ್ತಿವೆಯಾ ನೋಡಿ. ತಾಗುತ್ತಿದ್ದರೆ ಸೇತುವೆ ಸಿಕ್ಕಿತು. ಇಲ್ಲದಿದ್ದರೆ ಪ್ರತಿ ಗಿಡಕ್ಕೂ ಬಿಡಬೇಕು, ನಡುವೆ ನೆಲಕ್ಕಿಳಿದು ದಾಟುವವು ತುಂಬಾ ಕಡಿಮೆ. ಸಂಖ್ಯೆಗೆ ನಾನು ಇಟ್ಟುಕೊಂಡ ಅಂದಾಜು ಕೀಟ ಉಕ್ಕಿದ ಕಡೆ ಹತ್ತು ಜೇಡನುಸಿಗೆ ಒಂದು ಪರ್ಸಿಮಿಲಿಸ್. ರೋಮದ ಎಲೆಗೆ ಇನ್ನೂ ಸ್ವಲ್ಪ ಧಾರಾಳ.

ಹೆಜ್ಜೆ 6: ಎಲೆಯಲ್ಲಿ ಇಲ್ಲದ್ದನ್ನು ನೀವು ಕೊಡಿ

ಪರಾಗ ಮೊದಲನೆಯದು. ಪಾಲಿಹೌಸಿನ ಸೌತೆ ತಳಿಗಳಲ್ಲಿ ಬರೀ ಹೆಣ್ಣು ಹೂವು, ಪರಾಗವೇ ಇಲ್ಲ. ಅಲ್ಲಿ ಸ್ವಿರ್ಸ್ಕಿಗೆ ಟೈಫಾ ಜೊಂಡಿನ ಪರಾಗವನ್ನು ಎರಡು ವಾರಕ್ಕೊಮ್ಮೆ ತೆಳ್ಳಗೆ ಊದಿದರೆ ಕೀಟ ಕಡಿಮೆ ಇದ್ದಾಗಲೂ ಸಂಖ್ಯೆ ಉಳಿಯುತ್ತದೆ. ಸೌತೆಯ ರೋಮ ಪರಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ, ನುಣುಪು ಎಲೆಯಲ್ಲಿ ಸ್ವಲ್ಪ ಪೋಲಾಗುತ್ತದೆ. ಹುಷಾರು, ಥ್ರಿಪ್ಸ್‌ಗೂ ಪರಾಗ ಇಷ್ಟ. ನುಸಿ ಚೆನ್ನಾಗಿ ನೆಲೆಸಿದ ಮೇಲೆ ಕೊಡಿ, ಥ್ರಿಪ್ಸ್ ಆಗಲೇ ತುಂಬಿದ್ದರೆ ಬೇಡ.

ಗೂಡನ್ನೂ ಕೊಡಬಹುದು. ಅನುರಾಗ್ ಅಗರ್‌ವಾಲ್ ಮತ್ತು ರಿಚರ್ಡ್ ಕಾರ್ಬನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತಿ ಗಿಡದ ಎಲೆಗಳಿಗೆ ನಾರಿನ ಕುಚ್ಚು ಅಂಟಿಸಿ ನಕಲಿ ನುಸಿಗೂಡು ಮಾಡಿದ್ದರು. ಬೇಟೆಗಾರ ಜೀವಿಗಳು ಹೆಚ್ಚಾದವು, ಜೇಡನುಸಿ ತಗ್ಗಿತು, ಗಿಡದ ಫಸಲೂ ಏರಿತು. ನುಸಿ ಸಾಕುವವರು ಪ್ಲಾಸ್ಟಿಕ್ ಚೂರನ್ನು ಗುಡಾರದ ಹಾಗೆ ಮಡಚಿ ಅದರಡಿ ಹತ್ತಿ ಎಳೆ ಇಡುತ್ತಾರೆ. ಹೆಣ್ಣುಗಳು ಹುಡುಕಿಕೊಂಡು ಬಂದು ಆ ಎಳೆಗಳ ಮೇಲೆ ಮೊಟ್ಟೆ ಇಡುತ್ತವೆ. ಇಡೀ ತೋಟಕ್ಕೆ ಇದನ್ನು ಮಾಡುವುದು ಆಗದ ಕೆಲಸ. ಆದರೆ ಕೆಲವೇ ಬೆಲೆಬಾಳುವ ಗಿಡಗಳಿದ್ದರೆ, ನಡುನರದ ಪಕ್ಕ ಒಂದು ಚಿಟಿಕೆ ಹತ್ತಿ ಎಳೆಯನ್ನು ಸಿಕ್ಕಿಸಿ ವಾರ ಬಿಟ್ಟು ಬಿಡಿಸಿ ನೋಡಿ. ನಾನು ಮೊದಲ ಸಲ ಹಾಗೆ ಬಿಡಿಸಿದಾಗ ಎಳೆಯ ಮೇಲೆ ಸಾಲಾಗಿ ಮೂರು ಮೊಟ್ಟೆ ಇದ್ದವು, ಬೆಳಕಿಗೆ ಗಾಜಿನ ಹಾಗೆ ಮಿನುಗುತ್ತಿದ್ದವು. ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಸಾಲಿನ ನಡುವೆ ಬೇರೆ ಗಿಡ ನೆಡುವ ದಾರಿಯೂ ಇದೆ. ಅಲಂಕಾರಿಕ ಮೆಣಸಿನ ಗಿಡ, ಹರಳು ಗಿಡ ಇದಕ್ಕೆ ಬಳಕೆಯಲ್ಲಿವೆ. ಪರಾಗವೂ ನೆಲೆಯೂ ಅವುಗಳಿಂದ ಸಿಗುತ್ತದೆ, ನುಸಿ ಅಲ್ಲಿ ಹೆಚ್ಚಿ ಪಕ್ಕದ ಬೆಳೆಗೆ ಹರಡುತ್ತದೆ.

ಹವೆಯ ತೇವ 60 ಶೇಕಡಕ್ಕಿಂತ ಕೆಳಗೆ ಬಹಳ ಹೊತ್ತು ಇರದಂತೆ ನೋಡಿಕೊಳ್ಳಿ. ನುಣುಪು ಎಲೆಯ ಬೆಳೆಯಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು, ಅಲ್ಲಿ ಮೊಟ್ಟೆಗೆ ಬೇರೆ ಆಸರೆಯಿಲ್ಲ.

ಹೆಜ್ಜೆ 7: ಎಲೆಯ ಮೇಲೆ ಏನು ಉಳಿದಿದೆ ನೋಡಿ

ನುಸಿ ಬರುವ ಮುಂಚೆ ಸಿಂಪಡಿಸಿದ್ದು ಎಲೆಯ ಮೇಲೆ ಇನ್ನೂ ಕೂತಿರಬಹುದು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಮೇಣದ ಪದರಕ್ಕೆ ಹಿಡಿದುಕೊಂಡು ವಾರಗಟ್ಟಲೆ ನುಸಿಗೆ ವಿಷವಾಗಿ ಉಳಿಯುತ್ತದೆ, ಎರಡು ತಿಂಗಳು ದಾಟುವುದೂ ಉಂಟು. ಗಂಧಕದ ಪುಡಿಯೂ ಪರಭಕ್ಷಕ ನುಸಿಗೆ ಒಳ್ಳೆಯದಲ್ಲ. ಸಾಬೂನು ನೀರು, ಎಣ್ಣೆ ಮೈಗೆ ತಾಗಿದರೆ ಕೊಲ್ಲುತ್ತವೆ, ಒಣಗಿದ ಮೇಲೆ ತೊಂದರೆ ಕಡಿಮೆ. ಹಾಗಾಗಿ ಅವನ್ನು ಮೊದಲು ಹೊಡೆದು, ಎಲೆ ಪೂರ್ತಿ ಒಣಗಿಸಿ, ಆಮೇಲೆ ನುಸಿ ಬಿಡಿ. ಧೂಳು ಕೂತ ಎಲೆ ಜೇಡನುಸಿಗೆ ಹಬ್ಬ, ನಮ್ಮ ನುಸಿಗೆ ತಡೆ. ದಾರಿ ಬದಿಯ ಸಾಲುಗಳನ್ನು ನುಸಿ ಬಿಡುವ ಎರಡು ದಿನ ಮೊದಲು ಬರಿ ನೀರಿನಲ್ಲಿ ತೊಳೆಯಿರಿ.

ಹೆಜ್ಜೆ 8: ಎಣಿಸಿ, ಬರೆದಿಡಿ

ವಾರಕ್ಕೊಮ್ಮೆ ಇಪ್ಪತ್ತು ಎಲೆ. ಸುಮ್ನೆ ಕಣ್ಣಾಡಿಸಿದರೆ ಏನೂ ಕಾಣುವುದಿಲ್ಲ, ಎಲೆಯ ಸ್ವಭಾವ ತಿಳಿದು ಹುಡುಕಬೇಕು. ಗೂಡಿರುವ ಎಲೆಯಲ್ಲಿ ಸಂದುಗಳನ್ನು, ನುಣುಪು ಎಲೆಯಲ್ಲಿ ನಡುನರದ ಎರಡೂ ಬದಿಯನ್ನು, ಬಲೆಯಿದ್ದರೆ ಬಲೆಯ ಒಳಗೆ. ಎಲೆ ಮಗುಚಿದ ಕೂಡಲೇ ಮುಖ ಹತ್ತಿರ ತಂದು ಉಸಿರು ಬಿಟ್ಟರೆ ಅಡಗಿದ ನುಸಿ ಓಡಲು ಶುರುಮಾಡುತ್ತದೆ, ಕಣ್ಣಿಗೆ ಬೀಳುವುದು ಆಗಲೇ. ಜೇಡನುಸಿ ಅಷ್ಟು ಬೇಗ ಓಡುವುದಿಲ್ಲ.

ಪುಸ್ತಕದಲ್ಲಿ ಬರೆಯಬೇಕಾದ್ದು ನುಸಿಯ ಸಂಖ್ಯೆ ಮಾತ್ರವಲ್ಲ. ಮೊಟ್ಟೆ ಇವೆಯಾ, ಎಲ್ಲಿವೆ, ಗಿಡದ ಯಾವ ಭಾಗದಲ್ಲಿ ನುಸಿ ಜಾಸ್ತಿ ಅನ್ನುವುದನ್ನೂ ಬರೆಯಿರಿ. ದೊಡ್ಡವು ಇದ್ದು ಮೊಟ್ಟೆ ಇಲ್ಲದಿದ್ದರೆ ಊಟದ ಕೊರತೆ. ಮೊಟ್ಟೆ ಇದ್ದು ಸುರುಟಿದ್ದರೆ ಹವೆ ಒಣಗಿದೆ. ಎರಡೂ ಇಲ್ಲದಿದ್ದರೆ ತೊಟ್ಟು ಮತ್ತು ಕಾಂಡವನ್ನು ನೋಡಿ, ಅಂಟಿಕೊಂಡಿರಬಹುದು. ಜೇಡನುಸಿಗಳ ಮೈ ಬತ್ತಿ, ಕಪ್ಪುಗಂದು ಬಣ್ಣಕ್ಕೆ ತಿರುಗಿ ಬಲೆಯಲ್ಲಿ ನೇತಾಡುತ್ತಿದ್ದರೆ ಬೇಟೆ ನಡೆಯುತ್ತಿದೆ ಅಂತ ಅರ್ಥ. ಆಗ ಅವಸರಪಟ್ಟು ಏನನ್ನೂ ಸಿಂಪಡಿಸಬೇಡಿ, ಇನ್ನೊಂದು ವಾರ ಕಾಯಿರಿ.

ಕೆಳಗಿನ ಎಲೆ ಸವರುವ ದಿನವೂ ಭೂತಗನ್ನಡಿ ಜೇಬಿನಲ್ಲಿರಲಿ. ಕಿತ್ತ ಎಲೆಗಳಲ್ಲಿ ಹತ್ತನ್ನು ಮಗುಚಿ ನೋಡಿ. ನಮ್ಮ ನುಸಿ ಮತ್ತು ಮೊಟ್ಟೆ ತುಂಬಿದ್ದರೆ ಆ ಎಲೆಗಳನ್ನು ಹೊರಗೆ ಒಯ್ಯದೆ ಕೀಟ ಇರುವ ಗಿಡಗಳ ಎಲೆಯ ಮೇಲೆ ಎರಡು ಮೂರು ದಿನ ಹಾಗೇ ಹರಡಿ. ಒಣಗುತ್ತಾ ಬಂದ ಹಾಗೆ ನುಸಿಗಳು ಹಸಿ ಎಲೆಗೆ ದಾಟಿಕೊಳ್ಳುತ್ತವೆ. ಕೀಟವೇ ತುಂಬಿದ್ದರೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಅವತ್ತೇ ಹೊರಗೆ ಹಾಕಿ.